ಬುಧವಾರ ಹತ್ತು ಗಂಟೆಯ ಕೀಲಿಕೈ

ಹತ್ತಕ್ಕೆ ಹದಿಮೂರು ನಿಮಿಷ ಇರುವಾಗ ಬಸ್ ಡ್ರೈವರ್ ಒಬ್ಬರು ಎರಡೂ ಕೈಗಳಿಂದ ಹಿಂಭಾಗ ಮುಚ್ಚಿಕೊಂಡು, ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಾ ನನ್ನ ಅಂಗಡಿಯೊಳಗೆ ಬಂದರು.

"ಅಕ್ಕಾ, ಮಾನ ಕಾಪಾಡಿ. ಸೀಟಿಗೆ ಹತ್ತುವಾಗ ಚರ್ ಅಂತು. ಹತ್ತೂಕಾಲಿಗೆ ಗಾಡಿ ತೆಗೀಬೇಕು."

ತಿರುಗಿಸಿ ನೋಡಿದೆ. ಪ್ಯಾಂಟಿನ ಹಿಂದಿನ ಹೊಲಿಗೆ ಬೆಲ್ಟಿನಿಂದ ಕೆಳಗಿನವರೆಗೂ ಬಾಯಿ ಬಿಟ್ಟಿತ್ತು. ಮೂವತ್ತು ವರ್ಷದಿಂದ ಹೊಲಿಗೆ ಅಂಗಡಿ ಇಟ್ಟವಳು ನಾನು. ಇಂಥ ಸಮಯದಲ್ಲಿ ನನ್ನ ತಲೆ ಕೆಲಸ ಮಾಡುವುದಿಲ್ಲ, ನಾಲಿಗೆಯೇ ಮಾಡಿಬಿಡುತ್ತದೆ.

"ಪರದೆ ಹಿಂದೆ ಹೋಗಿ ಬಿಚ್ಚಿ ಕೊಡಿ," ಅಂದೆ.

ಪ್ಯಾಂಟು ಕೈಗೆ ಬಂತು. ದಾರ ಪೋಣಿಸಿದೆ. ಆಮೇಲೆ ಗಡಿಯಾರ ನೋಡಿದೆ. ಬುಧವಾರ. ನನ್ನ ಕಂಪ್ಯೂಟರ್ ಇರುವುದು ಆ ಪರದೆಯ ಹಿಂದೆ. ಈಗ ಅಲ್ಲಿ ಪ್ಯಾಂಟಿಲ್ಲದ ಗಂಡಸು ಒಬ್ಬರು ನಿಂತಿದ್ದಾರೆ.

ಐವತ್ತನಾಲ್ಕು ವಯಸ್ಸಿನ ದರ್ಜಿ ಹೆಂಗಸಿಗೆ ಕಂಪ್ಯೂಟರಿನಲ್ಲಿ ಅಂಥದ್ದೇನು ಕೆಲಸ ಅಂತ ಕೇಳಬಹುದು. ಅದನ್ನು ಹೇಳಬೇಕಾದರೆ ನನ್ನ ತಂಗಿಯಿಂದ ಶುರು ಮಾಡಬೇಕು.

ತಂಗಿ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ಜೊತೆಗೇ ಇದ್ದಾಳೆ. ಗಂಟಲಿನ ಆಪರೇಷನ್ ಆಗಿ ಎರಡು ವರ್ಷ. ಜೀವ ಉಳಿಯಿತು, ಧ್ವನಿ ಹೋಯಿತು. ಅವಳು ಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು, ಮಾತೇ ಅವಳ ಅನ್ನ. ಆಮೇಲೆ ಹದಿನಾಲ್ಕು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಒಂದು ಸ್ಲೇಟು ತಂದುಕೊಟ್ಟೆ. ಅದರಲ್ಲಿ 'ನೀರು', 'ಬೇಡ', 'ಕಿಟಕಿ' ಅಂತ ಬರೆಯುತ್ತಿದ್ದಳು, ಅಷ್ಟೇ. ಕೆಳಗಿನ ಅಂಗಡಿಯಿಂದ ಮೇಲಕ್ಕೆ ಹೋಗುವ ನೀರಿನ ಪೈಪು ಅವಳ ಮಂಚದ ಪಕ್ಕದಲ್ಲೇ ಹಾದುಹೋಗುತ್ತದೆ. ಚಮಚದಿಂದ ಒಂದು ಸಲ ಬಡಿದರೆ ಏನೋ ಬೇಕು ಅಂತ. ಎರಡು ಸಲ ಬಡಿದರೆ ಗಿರಾಕಿ ಬರುತ್ತಿದ್ದಾರೆ ಅಂತ, ಅವಳಿಗೆ ಕಿಟಕಿಯಿಂದ ಕಾಣುತ್ತದೆ. ಮೂರು ಸಲ ಅಂದರೆ ಓಡಿ ಬಾ.

ನಮ್ಮ ಚಿಕ್ಕಪ್ಪನ ಮಗ ತನ್ನ ಹಳೇ ಕಂಪ್ಯೂಟರನ್ನು ತಂದಿಟ್ಟು ಹೋದ. ಕೆಲವು ದಿನ ಕಳೆದ ಮೇಲೆ ಒಮ್ಮೆ ಊಟ ತೆಗೆದುಕೊಂಡು ಹೋದಾಗ ಇವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ಅಲ್ಲ, ನಗುತ್ತಿದ್ದಳು. ಕಂಪ್ಯೂಟರಿನ ಮೇಲೆ ಯಾವುದೋ ಆಟ, ಕೋಟೆ, ಹೊಳೆ. ಕೆಳಗೆ ಸಾಲುಸಾಲಾಗಿ ಮಾತು. ನಾನು ಬಂದದ್ದು ಗೊತ್ತಾಗಿ ಮುಚ್ಚಿಬಿಟ್ಟಳು. ಆದರೆ ಆ ಮಾತು ನಡೆಯುವ ಚಾನೆಲ್ಲಿನ ಹೆಸರು ಅಷ್ಟರಲ್ಲಿ ನನ್ನ ಕಣ್ಣಿಗೆ ಬಿದ್ದಿತ್ತು: ದೋಣಿಕಟ್ಟೆ.

ಕಂಪ್ಯೂಟರ್ ರಿಪೇರಿಯವನ ಹತ್ತಿರ ಹೋಗಿ, ನನಗೂ ಒಂದು ಹಾಕಿಕೊಡಪ್ಪ ಅಂದೆ. ಹಾಗೆ ನಾನು ದೊಡ್ಡ ಮೀಸೆಯ ಕಾವಲುಗಾರನಾದೆ.

ಆ ಆಟದಲ್ಲಿ ಹೊಡೆದಾಡುವವರು ಹೊಡೆದಾಡಿಕೊಳ್ಳುತ್ತಾರೆ. ದೋಣಿಕಟ್ಟೆಯವರು ಹೊಡೆದಾಡುವುದಿಲ್ಲ. ನಲವತ್ತೊಂದು ಜನ ಸೇರಿ ಚಾನೆಲ್ಲಿನಲ್ಲಿ ಬರೀ ಮಾತಿನಿಂದ ಒಂದು ಊರು ಕಟ್ಟಿಕೊಂಡಿದ್ದಾರೆ. ಒಬ್ಬರು ಬಣ್ಣಗಾರ, ಒಬ್ಬರು ಸೂಲಗಿತ್ತಿ, ಒಬ್ಬರು ಕುರಿಗಾಹಿ. ಒಳಗೆ ಬಂದಮೇಲೆ ಆ ವೇಷದಲ್ಲೇ ಮಾತಾಡಬೇಕು. ನಿಜಜೀವನದ ಮಾತು ತೀರಾ ಬೇಕಾದರೆ ಎರಡೆರಡು ಕಂಸದೊಳಗೆ ಬರೆಯಬೇಕು. ಯಾರೂ ಯಾರ ಹೆಸರು, ವಿಳಾಸ, ಫೋನ್ ನಂಬರ್ ಕೇಳಬಾರದು. ನನ್ನ ತಂಗಿ ಅಲ್ಲಿ ಛತ್ರದಮ್ಮ. ಬಾಯಿ ಅಂದರೆ ಬಾಯಿ! ಅವಳ ಛತ್ರದಲ್ಲಿ ಉಳಿದವರಿಗೆ ಅನ್ನದ ಜೊತೆ ಬೈಗುಳ ಪುಕ್ಕಟೆ.

ಕಾವಲುಗಾರ ಅವಳ ಅಕ್ಕ ಅಂತ ಅವಳಿಗೆ ನಾನು ಹೇಳಲಿಲ್ಲ. ಅಕ್ಕ ಬಂದು ಕೂತಿದ್ದಾಳೆ ಅಂದರೆ ಅಲ್ಲೂ ಬಾಯಿ ಮುಚ್ಚಿಕೊಂಡಾಳು ಅಂತ ಭಯ.

ಇನ್ನು ಕೀಲಿಕೈ ವಿಷಯ. ಆ ಆಟದಲ್ಲಿ ಚಾನೆಲ್ಲಿಗೆ ಯಾರು ಮೊದಲು ಬರುತ್ತಾರೋ ಕೀಲಿಕೈ ಅವರದ್ದು. ಅವರು ಯಾರನ್ನು ಬೇಕಾದರೂ ಹೊರಗೆ ಹಾಕಬಹುದು. ಅವರು ಎದ್ದುಹೋದರೆ ಅದು ಒಳಗಿರುವ ಇನ್ನೊಬ್ಬರಿಗೆ ಹೋಗುತ್ತದೆ. ಅದಕ್ಕೇ ನಾವು ಪಾಳಿ ಹಾಕಿಕೊಂಡು ಯಾವಾಗಲೂ ಯಾರಾದರೊಬ್ಬರು ಕೀಲಿಕೈ ಹಿಡಿದು ಕೂತಿರುತ್ತೇವೆ. ಆದರೆ ವಾರಕ್ಕೊಮ್ಮೆ, ಬುಧವಾರ ಬೆಳಿಗ್ಗೆ, ಆಟದ ಕಂಪನಿಯವರು ರಿಪೇರಿಗೆಂದು ಎಲ್ಲವನ್ನೂ ಮುಚ್ಚುತ್ತಾರೆ. ಹತ್ತು ಗಂಟೆಗೆ ತೆರೆದಾಗ ಕೀಲಿಕೈ ಇಲ್ಲ, ಪಾಸ್‌ವರ್ಡ್ ಇಲ್ಲ, ಹೊರಹಾಕಿದವರ ಪಟ್ಟಿಯೂ ಇಲ್ಲ. ಮೊದಲು ಒಳಗೆ ಹೋದವನೇ ಯಜಮಾನ.

ಆ ಓಟ ನನ್ನ ಪಾಲಿನದು. ಎಂಟು ತಿಂಗಳಲ್ಲಿ ಒಂದು ಬುಧವಾರವೂ ತಪ್ಪಿಸಿರಲಿಲ್ಲ. ತಂಗಿಗೆ ಆ ಹೊತ್ತಿಗೆ ಗಂಟಲಿಗೆ ಹಬೆ ತೆಗೆದುಕೊಳ್ಳುವುದಿರುತ್ತದೆ. ನನಗೆ ಬದಲಿಯಾಗಿದ್ದ ಚಾನೆಲ್ಲಿನ ಬೇಕರಿಯವನು ಈ ಬುಧವಾರ ಬೆಳಿಗ್ಗೆ ಬರಲಾಗುವುದಿಲ್ಲ ಅಂತ ಮೊದಲೇ ಹೇಳಿದ್ದ.

ಓಟ ಯಾರ ಜೊತೆ ಅಂದರೆ, ಸುಂಕದವನ ಜೊತೆ. ಅವನೂ ಒಂದು ಕಾಲಕ್ಕೆ ನಮ್ಮವನೇ. ನಾಲ್ಕು ತಿಂಗಳ ಹಿಂದೆ ಹೊಸ ರಾಗ ತೆಗೆದ. ಬರೆದದ್ದನ್ನು ನಂಬುವುದು ಹೇಗೆ, ಎಲ್ಲರೂ ಮೈಕ್ ಹಾಕಿ ಬಾಯಲ್ಲಿ ಮಾತಾಡಬೇಕು, ಮಾತಾಡದವರು ಮೋಸಗಾರರು ಅಂತ. ಛತ್ರದಮ್ಮನ ಬೆನ್ನು ಬಿದ್ದ. "ಇಷ್ಟೆಲ್ಲ ಬಾಯಿ ಮಾಡ್ತೀಯಲ್ಲ, ಒಂದು ಸಲ ದನಿ ಕೇಳಿಸು ನೋಡೋಣ." ನನಗೆ ಮೈಯೆಲ್ಲ ಉರಿದು ಅವನನ್ನು ಹೊರಗೆ ಹಾಕಿದೆ. "ಯಾವುದಾದ್ರೂ ಒಂದು ಬುಧವಾರ ನಂದೂ ಬರುತ್ತೆ," ಅಂತ ಹೇಳಿಯೇ ಹೋಗಿದ್ದ.

ಗಡಿಯಾರದಲ್ಲಿ ಹತ್ತಕ್ಕೆ ಆರು ನಿಮಿಷ.

"ಡ್ರೈವರಣ್ಣಾ, ಅಲ್ಲಿ ಕಂಪ್ಯೂಟರ್ ಇದೆಯಲ್ಲ?"

"ಇದೆ. ನಾನೇನೂ ಮುಟ್ಟಿಲ್ಲ ಅಕ್ಕ."

"ಮುಟ್ಟಿ."

"ಹಾಂ?"

"ಕೋಟೆ ಬಾಗಿಲಿನ ಚಿತ್ರ ಕಾಣ್ತಿದೆಯಾ? ಅದರ ಕೆಳಗೆ ಒಂದು ಬೂದು ಗುಂಡಿ ಇದೆ. ಹಸಿರಾದ ತಕ್ಷಣ ಒತ್ತಬೇಕು."

"ಸಿಗ್ನಲ್ ಥರ."

"ಹೂಂ, ಸಿಗ್ನಲ್ ಥರ."

"ಅದು ಬಿಡಿ, ನಂಗೆ ಅಭ್ಯಾಸ ಇದೆ."

ಮಷಿನ್ ತುಳಿಯುತ್ತಿದ್ದೆ, ಕಣ್ಣು ಗಡಿಯಾರದ ಮೇಲೆ. ಹೊಲಿಗೆ ಸೊಟ್ಟಗೆ ಹೋಯಿತು. ಬಿಚ್ಚಲು ಪುರುಸೊತ್ತಿಲ್ಲ, ಅದರ ಮೇಲೇ ಇನ್ನೊಂದು ಹಾಕಿದೆ.

"ಹಸಿರು!" ಅಂತ ಒಳಗಿಂದ ಕೂಗಿದರು. "ಒತ್ತಿದೆ ಅಕ್ಕ! ಯಾವನೋ ಒಬ್ಬ ಭರ್ಜಿ ಹಿಡ್ಕೊಂಡು ನಿಂತಿದ್ದಾನೆ. ಮೀಸೆ ಭಾರಿ ಇದೆ."

"ಅದು ನಾನೇ."

ಪರದೆಯ ಸಂದಿಯಿಂದ ಒಂದು ಕಣ್ಣು ಇಣುಕಿ, ನನ್ನ ಮೇಲ್ತುಟಿ ನೋಡಿ, ಒಳಗೆ ಹೋಯಿತು.

"ಈಗ ಕೆಳಗಿನ ಪಟ್ಟಿಯಲ್ಲಿ ದೋಣಿಕಟ್ಟೆ ಅಂತ ಬರೀರಿ. ಬೇಗ ಅಣ್ಣ, ಬೇಗ."

"ದೋ... ದೋ ಎಲ್ಲಿದೆ? ಅಕ್ಷರಾನೆಲ್ಲ ಕಲಸಿಟ್ಟಿದ್ದಾರಲ್ಲ ಅಕ್ಕ. ಶಾಲೇಲಿ ಹೇಳಿಕೊಟ್ಟ ಥರ ಸಾಲಾಗಿ ಇಡೋಕೆ ಏನು ಕಷ್ಟ ಇವ್ರಿಗೆ?"

ಅವರು ಒಂದೊಂದೇ ಅಕ್ಷರ ಹುಡುಕಿ ಟಕ್ ಅಂತ ಒತ್ತುವುದು ಕೇಳಿಸುತ್ತಿತ್ತು. ಟಕ್. ಬಹಳ ಹೊತ್ತಿನ ಮೇಲೆ ಇನ್ನೊಂದು ಟಕ್. ಒಂದು ಬೆಡ್‌ಶೀಟ್ ಸುತ್ತಿಸಿ ಅವರನ್ನು ಹೊರಗೆ ಕೂರಿಸಬಹುದಿತ್ತು ಅಂತ ನನಗೆ ಹೊಳೆದದ್ದು ಎಲ್ಲಾ ಮುಗಿದ ಅರ್ಧ ಗಂಟೆಗೆ.

"ಆಯ್ತು! ಹೆಸರುಗಳು ಬಂದ್ವು."

"ಕೀಲಿಕೈ ಚಿತ್ರ ಯಾರ ಪಕ್ಕ ಇದೆ? ಕಾವಲುಗಾರನ ಪಕ್ಕ ತಾನೇ?"

"ಇಲ್ಲಕ್ಕ, ಅದರ ಮೇಲಿನವನ ಪಕ್ಕ. ಸುಂಕದವನು ಅಂತಿದೆ." ಸ್ವಲ್ಪ ತಡೆದು, ದನಿ ಇಳಿಸಿ ಹೇಳಿದರು, "ಈಗೇನೋ ಕೆಂಪಕ್ಷರದಲ್ಲಿ ಬಂತು. ನಿಮ್ಮನ್ನು ಹೊರಹಾಕಲಾಗಿದೆ, ಅಂತ."

ಪ್ಯಾಂಟು ಕೊಟ್ಟೆ. ಹಾಕಿಕೊಂಡು ಹೊರಗೆ ಬಂದವರು ನನ್ನ ಮುಖ ನೋಡಿ, "ನನ್ನಿಂದ ಏನಾದ್ರೂ ತಪ್ಪಾಯ್ತಾ ಅಕ್ಕ?" ಅಂದರು.

"ಇಲ್ಲಣ್ಣ, ಹೊರಡಿ. ಜನ ಕಾಯ್ತಿರ್ತಾರೆ."

ಅವರು ಇನ್ನೂ ಹೊಸ್ತಿಲು ದಾಟಿರಲಿಲ್ಲ, ಪೈಪು ಬಡಿಯಿತು. ಒಂದು. ಎರಡು. ಮೂರು.

ಹದಿನೇಳು ಮೆಟ್ಟಿಲು. ನನ್ನ ಮಂಡಿ ಒಂದೊಂದನ್ನೂ ಎಣಿಸುತ್ತದೆ. ಅವತ್ತು ಎಣಿಸಲಿಲ್ಲ.

ತಂಗಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಹಬೆಯ ಪಾತ್ರೆ ಹಾಗೇ ಇತ್ತು, ಟವೆಲ್ ಹೆಗಲ ಮೇಲೆ. ಕಂಪ್ಯೂಟರಿನ ಕಡೆ ಬೆರಳು ತೋರಿಸಿದಳು. ಸುಂಕದವನು ಬರೆದಿದ್ದ: "ಇವತ್ತಿನಿಂದ ಹೊಸ ಕಾನೂನು. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರೂ ಮೈಕ್ ಹಾಕಿ ಬರಬೇಕು. ದನಿ ಕೇಳಿಸದವರು ಹೊರಗೆ. ಛತ್ರದಮ್ಮನಿಂದಲೇ ಶುರು."

ಹನ್ನೆರಡಕ್ಕೆ ಇವಳನ್ನು ಹೊರಗೆ ಹಾಕಿದರೆ ಮುಗಿಯಿತು. ಉಳಿದವರು ಚದುರಿಹೋಗುತ್ತಾರೆ. ಯಾರ ಹೆಸರೂ, ನಂಬರೂ ಯಾರ ಹತ್ತಿರವೂ ಇಲ್ಲ. ಅದೇ ನಮ್ಮ ನಿಯಮ. ಅಷ್ಟು ಹೆಮ್ಮೆಯಿಂದ ಕಾಪಾಡಿಕೊಂಡು ಬಂದ ನಿಯಮ ಈಗ ಕುತ್ತಿಗೆಗೆ ಬಂತು. ಇವಳು ಮತ್ತೆ ಗೋಡೆಯ ಕಡೆ ತಿರುಗುತ್ತಾಳೆ. ಆ ಹದಿನಾಲ್ಕು ತಿಂಗಳು ನನ್ನ ಕಣ್ಣ ಮುಂದೆ ಬಂದು ನಿಂತಿತು.

"ನನ್ನಿಂದಲೇ ಆಗಿದ್ದು," ಅಂದುಬಿಟ್ಟೆ. "ಕಾವಲುಗಾರ ನಾನೇ ಕಣೇ. ಬೈಯೋದಾದ್ರೆ ಆಮೇಲೆ ಬೈ."

ಅವಳು ಸ್ಲೇಟು ತೆಗೆದುಕೊಂಡು ಬರೆದಳು: 'ಗೊತ್ತು.'

"ಯಾವಾಗಿಂದ?"

ಅಳಿಸಿ, ಬರೆದಳು. ಅಳಿಸಿ, ಮತ್ತೆ ಬರೆದಳು. ಎರಡು ವರ್ಷದಲ್ಲಿ ಆ ಸ್ಲೇಟು ಒಂದೇ ಸಲಕ್ಕೆ ಅಷ್ಟು ಅಕ್ಷರ ಕಂಡಿರಲಿಲ್ಲ.

'ದನಿ ಹೋಗಿದ್ದಕ್ಕೆ ನನ್ನ ಕಿವಿನೂ ಹೋಗಿದೆ ಅನ್ನೋ ಹಾಗೆ ಅಕ್ಕ ಕಿರುಚ್ತಾಳೆ ಅಂತ ಕಾವಲುಗಾರನಿಗೆ ಕಂಸದೊಳಗೆ ಹೇಳಿದ್ದೆ. ಮಾರನೇ ದಿನ ನೀನು ಪಿಸುಗುಟ್ಟಿದೆ.'

ಹೌದು. ಪಿಸುಗುಟ್ಟಿದ್ದೆ.

'ಕಿಟಕಿ ಪರದೆ ಬಣ್ಣ ಕಣ್ಣಿಗೆ ಹೊಡೆಯುತ್ತೆ ಅಂತ ಹೇಳಿದೆ. ಬದಲಾಯ್ತು. ಬೇಯಿಸಿದ ಕುಂಬಳಕಾಯಿ ಸಾಕಾಗಿದೆ ಅಂತ ಹೇಳಿದೆ. ನಿಂತುಹೋಯ್ತು. ಆಮೇಲೆ ಬೇಕಾದ್ದೆಲ್ಲ ಅವನಿಗೇ ಹೇಳ್ತಿದ್ದೆ.'

"ಎಲಾ ಕಳ್ಳಿ! ಹೊಸ ದಿಂಬೂ ಹಾಗೇನಾ?"

ತಲೆಯಾಡಿಸಿದಳು. ನಗುವ ಹೊತ್ತಲ್ಲ, ಆದರೂ ಇಬ್ಬರ ಭುಜವೂ ಒಂದು ಕ್ಷಣ ಕುಲುಕಿತು. ಗಡಿಯಾರ ಹತ್ತೂಮೂವತ್ತೈದು.

ಯೋಚನೆ ಮಾಡಿದೆವು. ಬೇರೆ ಹೆಸರಿನ ಹೊಸ ಚಾನೆಲ್ ತೆರೆಯುವುದು ಒಂದು ನಿಮಿಷದ ಕೆಲಸ. ಅದರ ಹೆಸರನ್ನು ಉಳಿದವರಿಗೆ ಹೇಳುವುದು ಹೇಗೆ? ಚಾನೆಲ್ಲಿನಲ್ಲಿ ಬರೆದರೆ ಸುಂಕದವನು ಓದುತ್ತಾನೆ. ಒಬ್ಬೊಬ್ಬರಿಗೇ ಗುಟ್ಟಾಗಿ ಹೇಳೋಣವೆಂದರೆ, ಒಳಗಿದ್ದ ಹತ್ತೊಂಬತ್ತು ಹೆಸರಲ್ಲಿ ಆರು ಹೊಸವು. ಅದರಲ್ಲಿ ಅವನ ಕಡೆಯವರು ಎಷ್ಟು ಜನವೋ, ಹಳೇ ಹೆಸರಿನ ವೇಷದಲ್ಲೇ ಬಂದವರು ಎಷ್ಟು ಜನವೋ! ಹೆಸರು ಅವನ ಕಿವಿಗೆ ಬಿದ್ದರೆ ಮುಂದಿನ ಬುಧವಾರ ಮತ್ತೆ ಇದೇ ಓಟ, ಅದರ ಮುಂದಿನ ಬುಧವಾರವೂ. ಹೆಸರೇ ಅವನಿಗೆ ಗೊತ್ತಾಗಬಾರದು. ಗೊತ್ತಾಗಬೇಕಾದವರಿಗೆ ಮಾತ್ರ ಗೊತ್ತಾಗಬೇಕು.

ತಂಗಿ ಸೀಮೆಸುಣ್ಣ ಕಚ್ಚಿಕೊಂಡು ಕೂತಳು. ಆಮೇಲೆ ಒಂದೇ ಮಾತು ಬರೆದಳು: 'ಕತ್ತೆ.'

"ಯಾರು, ನಾನಾ?"

ತಲೆ ಚಚ್ಚಿಕೊಂಡು, ಬರೆದಳು: 'ಬಣ್ಣಗಾರನ ಕತ್ತೆ!'

ನನಗೆ ನೆನಪಾಯಿತು. ಆರು ತಿಂಗಳ ಹಿಂದೆ ಬಣ್ಣಗಾರ ಒಂದು ಕತ್ತೆ ಕೊಂಡ. ಕೊಂಡದ್ದೂ ಮಾತಿನಲ್ಲೇ, ಕತ್ತೆಯೂ ಮಾತಿನದೇ. ಅದಕ್ಕೆ ಹೆಸರಿಡಲು ಊರೆಲ್ಲ ಸೇರಿ ಎಂಟು ದಿನ ಜಗಳವಾಡಿತು. ಸುಂಕದವನು, "ಇಲ್ಲದ ಕತ್ತೆಗೆ ಹೆಸರು ಬೇರೆ. ಇದು ಮುಗಿದ ಮೇಲೆ ಬರ್ತೀನಿ," ಅಂತ ಮುನಿಸಿಕೊಂಡು ಹೋಗಿದ್ದ. ಕೊನೆಗೆ ಕಾವಲುಗಾರ ಹೇಳಿದ ಹೆಸರೇ ಗಟ್ಟಿಯಾಯಿತು: ಮುಂದಿನವಾರ. ಬಣ್ಣಗಾರ ಎಲ್ಲಾ ಗಿರಾಕಿಗಳಿಗೂ ಹೇಳುವುದು ಅದೊಂದೇ ಮಾತು. ನಾನೂ ಮೂವತ್ತು ವರ್ಷದಿಂದ ಹೇಳುವುದು ಅದನ್ನೇ. ಹೆಸರಿಟ್ಟ ಮೂರನೇ ದಿನ ಕತ್ತೆ ಹೊಳೆಯ ಪಾಲಾಯಿತು. ಊರಿಗೆ ಊರೇ ಅತ್ತಿತು. ಸತ್ತ ಕತ್ತೆಯ ಹೆಸರು ಎತ್ತಿ ಬಣ್ಣಗಾರನ ಹೊಟ್ಟೆ ಉರಿಸುವುದು ಬೇಡ ಅಂತ ಆಮೇಲೆ ಯಾರೂ ಆ ಹೆಸರು ಹೇಳಲಿಲ್ಲ. ಸುಂಕದವನು ವಾಪಸ್ ಬರುವಷ್ಟರಲ್ಲಿ ಕತ್ತೆಯೂ ಇಲ್ಲ, ಹೆಸರೂ ಇಲ್ಲ.

"ಯಾರಾದ್ರೂ ಬಾಯ್ತಪ್ಪಿ ಅವನ ಮುಂದೆ ಹೇಳಿದ್ರೆ? ನೆನಪು ಮಾಡ್ಕೋ. ನೀನು ಹೇಳಿಲ್ಲ ತಾನೇ?"

'ಗೊತ್ತಿಲ್ಲ' ಅಂತ ಬರೆದಳು.

ಹೊಸ ಚಾನೆಲ್ ತೆರೆದಳು. ಆಮೇಲೆ ಹಳೆಯದರಲ್ಲಿ, ಸುಂಕದವನ ಕಣ್ಣೆದುರಿಗೇ, ಛತ್ರದಮ್ಮನಾಗಿ ಬರೆದಳು:

"ಕೇಳ್ರಪ್ಪಾ, ಕೇಳ್ರಮ್ಮಾ! ಛತ್ರಕ್ಕೆ ಹೊಸ ಯಜಮಾನರು ಬಂದಿದ್ದಾರೆ, ಅವರೇ ಅಡಿಗೆ ಮಾಡಿ ಬಡಿಸ್ಲಿ. ನಾನು ಒಲೆ ಸಮೇತ ಹೊರಟೆ. ಹೊಳೆ ಪಾಲಾದ ನಮ್ಮ ಕೂಸಿಗೆ ಎಂಟು ದಿನ ಜಗಳ ಆಡಿ ಇಟ್ಟ ಹೆಸರು ನೆನಪಿದೆಯಲ್ಲ, ನನ್ನ ಹೊಸ ಬಾಗಿಲ ಮೇಲೆ ಅದೇ ಹೆಸರು. ಅತ್ತವರು ಬನ್ನಿ. ಆಮೇಲೆ ಬಂದವರನ್ನ ಹಳಬರೇ ಆರಿಸಿ ಕೈಹಿಡಿದು ಕರ್ಕೊಂಡು ಬನ್ನಿ."

ಸುಂಕದವನು, "ಯಾವ ಕೂಸು?" ಅಂದ. ಮರುಕ್ಷಣ ಅವಳನ್ನು ಹೊರಗೆ ಹಾಕಿದ. ಹನ್ನೆರಡರವರೆಗೂ ಕಾಯಲಿಲ್ಲ.

ಹೊಸ ಚಾನೆಲ್ಲಿನಲ್ಲಿ ಛತ್ರದಮ್ಮ ಒಬ್ಬಳೇ. ಹೆಸರಿನ ಪಕ್ಕ ಕೀಲಿಕೈ. ಕೆಳಗೆ ಬೋಳು ಬಯಲು. ಒಂದು ನಿಮಿಷ ಕಳೆಯಿತು. ಎರಡು. ನಾಲ್ಕು. ಅವಳ ಉಸಿರು ಗಂಟಲಿನ ತೂತಿನಲ್ಲಿ ಸುಂಯ್ ಅನ್ನುತ್ತಿತ್ತು. ಭಯವಾದಾಗ ಹಾಗಾಗುತ್ತದೆ.

ಅಷ್ಟರಲ್ಲಿ ಕೆಳಗೆ, "ಯಾರಿದ್ದೀರಿ ಅಂಗಡೀಲಿ?" ಅಂತ ದನಿ. ಶಾಲೆಯ ಯೂನಿಫಾರಂ ಅಳತೆಗೆ ಮಗಳನ್ನು ಕರೆತರುತ್ತೇನೆ ಅಂದಿದ್ದ ಹೆಂಗಸು.

"ಬಂದವರಿಗೆ ಒಂದೊಂದು ಸಲ ಪೈಪು ಬಡಿ," ಅಂತ ತಂಗಿಗೆ ಹೇಳಿ ಇಳಿದೆ.

ಅಳತೆ ತೆಗೆದುಕೊಂಡೆ. ಸೊಂಟದ ಅಳತೆಯನ್ನು ತೋಳಿನ ಕಡೆ ಬರೆದೆ. ಆಯಮ್ಮ ಮಗಳ ಬೆಳವಣಿಗೆ ಬಗ್ಗೆ ಏನೇನೋ ಹೇಳುತ್ತಿದ್ದರು, ನನ್ನ ಕಿವಿ ಪೂರ್ತಿ ಪೈಪಿನ ಕಡೆ. ಬಚ್ಚಲಲ್ಲಿ ಎಲ್ಲೋ ನೀರು ತೊಟ್ಟಿಕ್ಕಿದರೂ ಟೇಪು ಬಿಟ್ಟು ತಲೆ ಎತ್ತುತ್ತಿದ್ದೆ.

ಹನ್ನೊಂದೂಹತ್ತಕ್ಕೆ ಟಣ್ ಅಂತು. ಒಂದೇ ಒಂದು.

ಯಾರಿರಬಹುದು? ಬಣ್ಣಗಾರನೇ ಇರಬೇಕು, ಅವನ ಕತ್ತೆ ತಾನೇ. ಅಥವಾ ಸುಂಕದವನಿರಬಹುದೇ? ಅವನಾಗಿದ್ದರೆ ಮೂರು ಸಲ ಬಡಿಯುತ್ತಿದ್ದಳು. ಬಡಿಯುತ್ತಿದ್ದಳಲ್ಲವೇ?

ಟಣ್. ಟಣ್.

"ನಿಮ್ಮ ಪೈಪಿನಲ್ಲಿ ಗಾಳಿ ಸೇರ್ಕೊಂಡಿದೆ," ಅಂದರು ಆಯಮ್ಮ. "ನಮ್ಮನೇಲೂ ಹೀಗೇ ಆಗ್ತಿತ್ತು. ಪ್ಲಂಬರನ್ನ ಕರೆಸಿ."

"ಕರೆಸ್ತೀನಿ," ಅಂದೆ. "ಬಟ್ಟೆಗೆ ಮುಂದಿನ ವಾರ ಬನ್ನಿ."

ಹನ್ನೆರಡು ಗಂಟೆಯ ಹೊತ್ತಿಗೆ ಹದಿಮೂರು ಏಟು ಕೇಳಿಸಿತ್ತು. ಊಟ ತೆಗೆದುಕೊಂಡು ಮೇಲೆ ಹೋದೆ. ತಂಗಿ ತಿರುಗಿ ನೋಡಲಿಲ್ಲ, ಬೆರಳು ಓಡುತ್ತಿತ್ತು. ಹೊಸ ಛತ್ರಕ್ಕೆ ಗೋಡೆ ಎಬ್ಬಿಸುತ್ತಿದ್ದರು. ಸೂಲಗಿತ್ತಿ ಬಾಗಿಲು ಚಿಕ್ಕದಾಯಿತು ಅಂತ ತಕರಾರು ತೆಗೆದಿದ್ದಳು. ಹಳೆಯ ಚಾನೆಲ್ಲಿನಿಂದ ಕಡೆಗೆ ಬಂದ ಬಣ್ಣಗಾರ ಅಲ್ಲಿಯ ಸುದ್ದಿ ತಂದ: ಸುಂಕದವನು ಹನ್ನೆರಡಕ್ಕೆ ಸರಿಯಾಗಿ ಮೈಕ್ ಹಾಕಿ ಒಬ್ಬೊಬ್ಬರ ಹೆಸರು ಕರೆದನಂತೆ. ಓ ಅಂದದ್ದು ಅವನ ಕಡೆಯ ಇಬ್ಬರು ಮಾತ್ರವಂತೆ.

ಮಧ್ಯಾಹ್ನವೆಲ್ಲ ಪೈಪು ಬಿಟ್ಟುಬಿಟ್ಟು ಬಡಿಯುತ್ತಿತ್ತು. ಕೆಲಸ ಮುಗಿಸಿ ಬಂದವರು, ಊಟದ ಬಿಡುವಿನಲ್ಲಿ ಇಣುಕಿದವರು. ಸುಣ್ಣದ ಕಡ್ಡಿಯಿಂದ ಮಷಿನ್ ಪಕ್ಕದ ಹಲಗೆಯ ಮೇಲೆ ಗೀಟು ಎಳೆಯುತ್ತಾ ಹೋದೆ. ಸಂಜೆ ಆರಕ್ಕೆ ನಾನೂ ತಂಗಿಯೂ ಸೇರಿ ನಲವತ್ತು. ಬರಬೇಕಾದವರು ಒಬ್ಬರೇ. ಕುರಿಗಾಹಿ.

ಕುರಿಗಾಹಿ ವಯಸ್ಸಾದವರು ಅಂತ ನಮಗೆಲ್ಲ ಅಂದಾಜು. ದಿನಾ ಸಂಜೆ ಬಂದು, "ಕುರಿ ಎಣಿಸಿದೆ, ಎಲ್ಲಾ ಇವೆ," ಅಂತ ಬರೆಯುತ್ತಾರೆ. ಆಮೇಲೆ ಯಾರಾದರೂ ಮಾತಾಡಿಸಲಿ ಅಂತ ಕಾಯುತ್ತಾರೆ. ಮರೆವು ಬಹಳ. ಸೂಲಗಿತ್ತಿಯನ್ನು ನೀನು ಯಾರಮ್ಮ ಅಂತ ವಾರಕ್ಕೆರಡು ಸಲ ಕೇಳುತ್ತಾರೆ. ಕತ್ತೆಯ ಹೆಸರು ಅವರಿಗೆಲ್ಲಿ ನೆನಪಿರಬೇಕು? ಹಳೆಯ ಬಾಗಿಲಿಗೆ ಹೋಗಿ ಸುಂಕದವನ ಬಾಯಿಗೆ ಸಿಕ್ಕಿ, ಪಾಪ, ಏನೂ ತಿಳಿಯದೆ ವಾಪಸ್ ಹೋಗಿಬಿಟ್ಟರೆ ಆಮೇಲೆ ಅವರನ್ನು ಎಲ್ಲಿ ಹುಡುಕುವುದು?

ಅಂಗಡಿಯ ಷಟರ್ ಅರ್ಧ ಎಳೆದಾಗ ಡ್ರೈವರ್ ಬಂದು ಬಗ್ಗಿ ನೋಡಿದರು.

"ಅಕ್ಕ, ಬೆಳಿಗ್ಗೆ ವಿಷಯ... ಸರಿಹೋಯ್ತಾ? ಗಾಡಿ ಓಡಿಸುವಾಗೆಲ್ಲ ಅದೇ ಯೋಚನೆ."

"ಇನ್ನೂ ಒಬ್ಬರು ಬರಬೇಕಣ್ಣ."

"ಬರ್ತಾರೆ ಬಿಡಿ. ಕಡೇ ಬಸ್ಸಿಗೆ ಬರೋರು ಇದ್ದೇ ಇರ್ತಾರೆ," ಅಂದು ಹೋದರು. ಆ ಹೊಲಿಗೆ ಸೊಟ್ಟಗಿದ್ದದ್ದು ಅವರು ತಿರುಗಿದಾಗ ಕಂಡಿತು. ಕರೆದು ಹೇಳಲು ನಾಚಿಕೆಯಾಯಿತು.

ಮೇಲೆ ಹೋಗಿ ತಂಗಿಯ ಪಕ್ಕ ಸ್ಟೂಲ್ ಎಳೆದುಕೊಂಡೆ. ಅವಳು ಛತ್ರದಮ್ಮನನ್ನು ಆಟದೊಳಗಿನ ಹೊಳೆಯ ಕಟ್ಟೆಗೆ ನಡೆಸಿಕೊಂಡು ಹೋಗಿ ನಿಲ್ಲಿಸಿದ್ದಳು. ಗುಡ್ಡದಿಂದ ಇಳಿದು ಊರಿಗೆ ಬರುವವರು ಅದೇ ದಾರಿಯಲ್ಲಿ ಬರಬೇಕು. ಅಲ್ಲಿ ಪಕ್ಕದಲ್ಲಿ ನಿಂತವರಿಗೆ ಮಾತ್ರ ಮಾತು ಕೇಳಿಸುತ್ತದೆ, ಚಾನೆಲ್ ಬೇಕಿಲ್ಲ. ಇಬ್ಬರೂ ಗುಡ್ಡದ ಕಡೆ ನೋಡುತ್ತಾ ಕೂತೆವು. ಏಳಾಯಿತು.

ಗುಡ್ಡದ ಮೇಲೆ ಒಂದು ಚುಕ್ಕೆ. ನಿಧಾನವಾಗಿ, ಅಲ್ಲಲ್ಲಿ ನಿಂತು, ದಾರಿ ತಪ್ಪಿ, ಮತ್ತೆ ತಿರುಗಿ ಬಂತು. ಕುರಿಗಾಹಿ.

"ಅಲ್ಲಿ ಯಾರೋ ಗದರಿಸಿದರು," ಅಂತ ಬರೆದರು. "ಆಮೇಲೆ ಬಣ್ಣಗಾರ ಕಿವೀಲಿ, ಹೆಸರು ಹೇಳದೆ, ಕತ್ತೆಯ ಹೆಸರಿನ ಬಾಗಿಲಿಗೆ ಹೋಗಿ ಅಂದ. ಹೆಸರು ಮರೆತುಹೋಗಿದೆಯಮ್ಮ. ಅತ್ತಿದ್ದು ಮಾತ್ರ ನೆನಪಿದೆ."

ತಂಗಿಯ ಕೈ ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ನನ್ನ ಕಡೆ ನೋಡಿದಳು. ಇವರು ಅವರೇ ಅಂತ ಏನು ಖಾತ್ರಿ? ಕುರಿಗಾಹಿಯ ವೇಷ ಹಾಕಿ ಹೆಸರು ತಿಳಿದುಕೊಳ್ಳಲು ಬಂದವನಾಗಿದ್ದರೆ, ಬೆಳಗಿನಿಂದ ಪಟ್ಟ ಪಾಡೆಲ್ಲ ನೀರಿಗೆ ಬಿದ್ದ ಹಾಗೆ. ಹೇಳದಿದ್ದರೆ, ಅವರೇ ಆಗಿದ್ದರೆ, ಆ ವಯಸ್ಸಾದವರು ಎಲ್ಲಿಗೆ ಹೋಗಬೇಕು?

"ನಂಗೆ ಗೊತ್ತಾಗ್ತಿಲ್ಲ ಕಣೇ," ಅಂದೆ. "ನೀನೇ ನೋಡು."

ಅವಳು ಸ್ವಲ್ಪ ಹೊತ್ತು ಯೋಚಿಸಿ ಬರೆದಳು: "ಕುರಿ ಎಷ್ಟಿವೆ ಇವತ್ತು?"

ಆಮೇಲೆ ಬಂತು: "ಎಣಿಸಿಲ್ಲಮ್ಮ. ನಿಮ್ಮನ್ನೆಲ್ಲ ಹುಡುಕುತ್ತಿದ್ದೆ."

ತಂಗಿ ಹೆಸರು ಬರೆದುಕೊಟ್ಟಳು. ನಾವಿಬ್ಬರೂ ಹೊಸ ಚಾನೆಲ್ಲಿನ ಪಟ್ಟಿಯನ್ನೇ ನೋಡುತ್ತಾ ಕೂತೆವು. ಕೊನೆಯಲ್ಲಿ ಒಂದು ಸಾಲು ಮೂಡಿತು. ಕುರಿಗಾಹಿ. ತಕ್ಷಣವೇ ಸೂಲಗಿತ್ತಿ, "ಬಂದ್ರಾ ತಾತ, ಊಟ ಆಯ್ತಾ?" ಅಂದಳು. "ಆಯ್ತಮ್ಮ," ಅಂದರು ಅವರು. "ನೀನು ಯಾರು?"

ನಾನು ಪಕ್ಕದಲ್ಲೇ ಕೂತಿದ್ದರೂ ತಂಗಿ ಚಮಚ ತೆಗೆದುಕೊಂಡು ಪೈಪಿಗೆ ಒಂದೇಟು ಹೊಡೆದಳು.